ಚಿಮಣಿ ಎಣ್ಣೆಯ ಒಲೆ: ದೋಷಗಳೂ ಪರಿಹಾರಗಳೂ

ಮಾರ್ಗಶಿರ ಮಾಸವು ಕಾಲಿಟ್ಟಿತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಡೆಯಲ್ಲಿ ಬೆಳಗಿನ ಜಾವದ ಚಳಿಯು ಮೈ ನಡುಗಿಸುವುದು. ಆಗ ಕೆಲವು ಮನೆಗಳಲ್ಲಿ ಅಟ್ಟದ ಮೇಲಿನ ಬತ್ತಿಯ ಸ್ಟೋವು ಕೆಳಗಿಳಿಯುವುದು. 2016ರಲ್ಲಿ ಉಜ್ವಲಾ ಯೋಜನೆಯು ಆರಂಭವಾದ ಮೇಲೆ ಗ್ಯಾಸಿನ ಒಲೆಯು ಬಡವರ ಮನೆಗೂ ಬಂದಿತು. ಚಿಮಣಿ ಎಣ್ಣೆಯ ಬಳಕೆಯು ಬಹಳ ಕಡಿಮೆಯಾಯಿತು. ಆದರೂ 2019ರ ಆಗಸ್ಟಿನಂತೆ ಕೃಷ್ಣೆ, ಘಟಪ್ರಭೆಗಳು ಉಕ್ಕಿ ಬಂದ ಕಾಲದಲ್ಲಿ, ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಈ ಪುಟ್ಟ ಒಲೆಯು ನೆನಪಾಗದಿರದು. ಬಹುದಿನ ಮೂಲೆಗೆ ಬಿದ್ದ ಉಪಕರಣವು ಬೇಕಾದ ಹೊತ್ತಿನಲ್ಲಿಯೇ ಮುನಿಯುವುದುಂಟು. ಆದುದರಿಂದ ಅದರ ಆರೈಕೆಯನ್ನು ಕುರಿತು ಗೃಹಿಣಿಯರಿಗೆ ಎರಡು ಮಾತು ಹೇಳಬಯಸುವೆವು. 1892ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಪ್ರೈಮಸ್ ಜಾತಿಯ ಪಂಪಿನ ಸ್ಟೋವಿನ ರೀತಿಯು ಬೇರೆ; ಇಲ್ಲಿ ಹೇಳುವುದು ಬತ್ತಿಯ ಸ್ಟೋವಿನ ವಿಷಯ.

ಅಮರಕೋಶದಲ್ಲಿ ಅಗ್ನಿಗೆ ಅನೇಕ ನಾಮಗಳಿವೆ. ಅವುಗಳಲ್ಲಿ ಮೂರನ್ನು ನೆನಪಿಟ್ಟರೆ ಈ ಒಲೆಯ ಶಾಸ್ತ್ರವೆಲ್ಲ ಅಡಗಿತು: ಕೃಷ್ಣವರ್ತ್ಮ, ಆಶ್ರಯಾಶ, ವಾಯುಸಖ.

ಕೃಷ್ಣವರ್ತ್ಮನೆಂದರೆ ಕಪ್ಪು ದಾರಿಯುಳ್ಳವನು. ಒಲೆಯು ಸರಿಯಾಗಿದ್ದರೆ ಜ್ವಾಲೆಯು ನೀಲಿಯಾಗಿರುವುದು. ಅದು ಹಳದಿಯಾಗಿ, ಪಾತ್ರೆಯ ತಳಕ್ಕೆ ಮಸಿ ಹಿಡಿಯಿತೆಂದರೆ ಎಣ್ಣೆಯು ಪೂರ್ತಿಯಾಗಿ ಉರಿಯುತ್ತಿಲ್ಲವೆಂದು ತಿಳಿಯತಕ್ಕದ್ದು. ಮೊದಲು ಬತ್ತಿಗಳನ್ನು ನೋಡಿರಿ. ಒಂದು ಎತ್ತರ, ಒಂದು ತಗ್ಗು ಆಗಿದ್ದರೆ ಸುಟ್ಟ ತುದಿಗಳನ್ನು ಕತ್ತರಿಸಿ ಸಮ ಮಾಡಿರಿ. ಬಳಿಕ ಬತ್ತಿಗಳ ಮೇಲೆ ಕೂಡುವ ರಂಧ್ರಗಳುಳ್ಳ ತಗಡಿನ ಕೊಳವೆಗಳನ್ನು ತೆಗೆದು, ಒಣ ಬ್ರಷ್ಷಿನಿಂದ ಮಸಿಯನ್ನು ಉದುರಿಸಿ, ಓರೆಯಾಗದಂತೆ ತಿರುಗಿ ಕೂಡಿಸಿರಿ. ಆ ರಂಧ್ರಗಳೇ ಒಲೆಯ ಮೂಗು; ಅವು ಕಟ್ಟಿದರೆ ಒಲೆಗೆ ಉಸಿರಿಲ್ಲ.

ಎಣ್ಣೆ ತುಂಬಿದ್ದರೂ ಉರಿಯು ಮಂದವಾಗಿದ್ದರೆ, ಎಣ್ಣೆಯಲ್ಲಿ ನೀರು ಸೇರಿರಬಹುದು. ಗಾಜಿನ ಬಾಟಲಿಯಲ್ಲಿ ಸ್ವಲ್ಪ ಎಣ್ಣೆಯನ್ನು ರಾತ್ರಿಯೆಲ್ಲ ಇಟ್ಟು ನೋಡಿರಿ. ಎಣ್ಣೆಗಿಂತ ಭಾರವಾದ ನೀರು ತಳದಲ್ಲಿ ನಿಲ್ಲುವುದು. ಹಾಗಾದರೆ ಟಾಕಿಯನ್ನು ಬರಿದು ಮಾಡಿ, ಒಣಗಿಸಿ, ಬತ್ತಿಗಳನ್ನು ಬದಲಿಸುವುದು ಲೇಸು. ಹೊಸ ಬತ್ತಿಯನ್ನು ಹಾಕಿದ ಮೇಲೆ ಒಂದು ತಾಸಾದರೂ ಎಣ್ಣೆ ಹೀರಲು ಬಿಡಬೇಕು. ಒಣ ಬತ್ತಿಗೆ ಕಡ್ಡಿ ಗೀರಿದರೆ ಬತ್ತಿಯೇ ಸುಡುವುದು.

ಆಶ್ರಯಾಶನೆಂದರೆ ತನಗೆ ಆಶ್ರಯವಿತ್ತುದನ್ನೇ ತಿನ್ನುವವನು. ಚಿಮಣಿ ಎಣ್ಣೆಯು 40 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿಯೇ ಕಿಡಿ ಸೋಕಿದರೆ ಹೊತ್ತತಕ್ಕ ಆವಿಯನ್ನು ಬಿಡಬಲ್ಲದು. ವೈಶಾಖದಲ್ಲಿ ನಮ್ಮ ಕಡೆಯ ಬಿಸಿಲೇ ಅಷ್ಟಕ್ಕೆ ಏರುವಾಗ, ಉರಿಯುವ ಒಲೆಯ ಮಾತೇನು? ಆದಕಾರಣ ಒಲೆಯು ಆರಿ ತಣ್ಣಗಾಗುವವರೆಗೆ ಎಣ್ಣೆ ಹಾಕಲೇಬಾರದು. ಹಾಕುವಾಗಲೂ ಟಾಕಿಯನ್ನು ಕಂಠದವರೆಗೆ ತುಂಬಬಾರದು. ಬನಹಟ್ಟಿಯ ನೇಕಾರರ ಮನೆಯಲ್ಲಿ ಮಗ್ಗದ ಸುತ್ತ ನೂಲೂ ಹತ್ತಿಯ ಧೂಳೂ ಇರುವುದಷ್ಟೆ. ಮುಧೋಳದ ರೈತರ ಹಿತ್ತಿಲಲ್ಲಿ ಒಣಗಿದ ಕಬ್ಬಿನ ರವದಿ ಇರುವುದು. ಇಂಥವುಗಳಿಂದ ಒಲೆಯು ಮೂರು ಅಡಿಯಾದರೂ ದೂರವಿರಲಿ. ಉರಿಯು ಕೈಮೀರಿದರೆ ನೀರು ಸುರಿಯಬೇಡಿರಿ. ಎಣ್ಣೆಯು ನೀರಿನ ಮೇಲೆ ತೇಲಿ ಉರಿಯನ್ನು ಹರಡುವುದು. ಮರಳನ್ನು ಚೆಲ್ಲಿರಿ, ಇಲ್ಲವೆ ಉಣ್ಣೆಯ ದಪ್ಪ ಕಂಬಳಿಯನ್ನು ಮುಚ್ಚಿರಿ.

ವಾಯುಸಖನೆಂಬ ಮೂರನೆಯ ಹೆಸರಿನ ಅರ್ಥವನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ಸುಮಾರು ಮೂವತ್ತು ವರ್ಷಗಳ ಹಿಂದೆ ನಮ್ಮ ತಂಗಿಯು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಪುಷ್ಯದ ಚಳಿ. ಬಾಣಂತಿಗೆ ಗಾಳಿ ಸೋಕಬಾರದೆಂದು ನಾವೇ ಕಿಟಕಿಯನ್ನು ಮುಚ್ಚಿ, ಮಾಳಿಗೆಯ ಬೆಳಕಿಂಡಿಗೆ ಕಲ್ಲು ಸರಿಸಿ, ಸ್ಟೋವನ್ನು ಕೋಣೆಯೊಳಗೆ ಹೊತ್ತಿಸಿಟ್ಟೆವು. ನಡುರಾತ್ರಿಯಲ್ಲಿ ಅವಳು, “ಅಣ್ಣಾ, ತಲಿ ಭಾಳ ಸಿಡ್ಯಾಕ ಹತ್ತೇತಿ” ಎಂದಳು. ಕೂಸು ಮಂಕಾಗಿ ಬಿದ್ದಿತ್ತು. ನಾವು ಶೀತವೆಂದು ಬಗೆದು ಇನ್ನೊಂದು ಕಂಬಳಿಯನ್ನು ಹೊದಿಸಹೋದೆವು. ನಮ್ಮ ತಾಯಿಯವರು ಎದ್ದು ಬಂದು, ಏನೊಂದೂ ಕೇಳದೆ, ಒಲೆಯನ್ನು ಆರಿಸಿ, ತಾಯಿಮಕ್ಕಳನ್ನು ಪಡಸಾಲೆಗೆ ಕರೆತಂದು, ಬಾಗಿಲು ಕಿಟಕಿಗಳನ್ನೆಲ್ಲ ತೆರೆದರು. ಕೆಲವು ಹೊತ್ತಿನ ಮೇಲೆ ಕೂಸು ಅತ್ತಿತು. ಆ ಅಳುವಿನಷ್ಟು ಇಂಪಾದ ಧ್ವನಿಯನ್ನು ನಾವು ಮತ್ತೆ ಕೇಳಿಲ್ಲ. ಶಾಸ್ತ್ರ ಓದಿದ ನಾವು ಅರಿಯದ್ದನ್ನು ಅಕ್ಷರ ಕಲಿಯದ ಅವರು ಅರಿತಿದ್ದರು.

ಗಾಳಿಯು ಸಾಲದೆ ಉರಿಯುವ ಬೆಂಕಿಯು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನು ಹುಟ್ಟಿಸುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನು ಪ್ರಾಣವಾಯುವಿಗಿಂತ 200 ಪಟ್ಟಿಗೂ ಮಿಕ್ಕು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುವುದು. ತಲೆನೋವು, ತಲೆಸುತ್ತು, ಓಕರಿಕೆ, ಇವು ಅದರ ಮೊದಲ ಸೂಚನೆಗಳು. ಇವು ಕಂಡೊಡನೆ ಎಲ್ಲರೂ ಬಯಲಿಗೆ ಬಂದು, ವೈದ್ಯರನ್ನು ಕಾಣತಕ್ಕದ್ದು. ಒಲೆಯು ಉರಿಯುವಾಗ ಬಾಗಿಲೂ ಕಿಟಕಿಯೂ ತೆರೆದಿರಲಿ. ಅದನ್ನು ಹೊತ್ತಿಸಿಟ್ಟು ಯಾರೂ ಮಲಗಕೂಡದು. ಕೆಂಡದ ಅಗ್ಗಿಷ್ಟಿಕೆಗೂ ಇದೇ ನಿಯಮ. ಬಾಣಂತಿಗೆ ಬೆಚ್ಚಗಿನ ಹೊದಿಕೆಯು ಸಾಕು.

ಈ ವಾರವೇ ಸ್ಟೋವನ್ನು ಅಟ್ಟದಿಂದ ಇಳಿಸಿ, ಬತ್ತಿ, ಕೊಳವೆ, ಟಾಕಿಗಳನ್ನು ಪರೀಕ್ಷಿಸಿರಿ. ಜ್ವಾಲೆಯು ನೀಲಿಯಾದ ಮೇಲೆಯೂ ಒಮ್ಮೆ ಬೆಳಕಿಂಡಿಯತ್ತ ಕಣ್ಣೆತ್ತಿ ನೋಡಿರಿ, ಅದು ತೆರೆದಿದೆಯಷ್ಟೆ?