ಬರಹಕ್ಕೂ ಬೇಕು ಒಂದು ಒಡ್ಡು

ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಅಡ್ಡಲಾಗಿ ನಿಂತಿರುವ ಬ್ಯಾರೇಜನ್ನು ಬಲ್ಲವರಿಗೆ ಅದರ ಹಿಂದಿನ ಕಥೆಯೂ ಗೊತ್ತು. ಮಳೆಗಾಲದಲ್ಲಿ ದಡ ಮೀರಿ ಹರಿಯುತ್ತಿದ್ದ ಹೊಳೆ ಬೇಸಿಗೆಯಲ್ಲಿ ದಂಡೆಯ ಬೆಳೆಗೇ ಒದಗುತ್ತಿರಲಿಲ್ಲ. ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ನದಿತೀರದ ರೈತರು ತಮ್ಮ ಹಣವನ್ನೂ ಬೆವರನ್ನೂ ಸುರಿದು 1989ರಲ್ಲಿ ಅದನ್ನು ಕಟ್ಟಿ ಮುಗಿಸಿದರು. ‘ಶ್ರಮಬಿಂದು ಸಾಗರ’ವೆಂಬ ಹೆಸರು ಅದಕ್ಕೆ ಅನ್ವರ್ಥಕವೇ ಆಗಿದೆ.

ಇಂದು ನಮ್ಮ ಮಾತು, ಬರಹಗಳ ಸ್ಥಿತಿಯೂ ಆ ಹಳೆಯ ಹೊಳೆಯಂತಾಗಿದೆ. ಬೆಳಗಾದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಶುಭಾಶಯಗಳ ಪ್ರವಾಹ. ಫೇಸ್‌ಬುಕ್ಕಿನಲ್ಲಿ ಚಿತ್ರಗಳ ಸಾಲು. ನಡುವೆ ಯಾರೋ ಹಿರಿಯರು ತಮ್ಮ ಬಾಲ್ಯದ ಬರಗಾಲವನ್ನು ನಾಲ್ಕು ಪರಿಚ್ಛೇದಗಳಲ್ಲಿ ಹೃದಯಂಗಮವಾಗಿ ಬರೆದಿರುತ್ತಾರೆ. ನೂರು ಮೆಚ್ಚುಗೆಗಳು ಬರುತ್ತವೆ. ಆರು ತಿಂಗಳ ತರುವಾಯ ಮೊಮ್ಮಗಳು ಅದನ್ನು ಹುಡುಕಹೊರಟರೆ ಸಿಗುವುದು ದುರ್ಲಭ.

ಕನ್ನಡಕ್ಕೆ ಇದಕ್ಕಿಂತ ಭಿನ್ನವಾದ ಒಂದು ಕಾಲವಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂದಿತು. ಯುನಿಕೋಡ್ ಬಳಕೆ ಹೆಚ್ಚಿದಂತೆ ಕನ್ನಡದ ಅಕ್ಷರಗಳು ಎಲ್ಲ ಗಣಕಯಂತ್ರಗಳಲ್ಲೂ ಮೂಡತೊಡಗಿದವು. 2005ರಲ್ಲಿ ಹರಿಪ್ರಸಾದ್ ನಾಡಿಗರು ‘ಸಂಪದ’ವನ್ನು ಆರಂಭಿಸಿದರು. 2007ರಲ್ಲಿ ಜಿ.ಎನ್. ಮೋಹನರ ‘ಅವಧಿ’ ಬ್ಲಾಗ್ ರೂಪದಲ್ಲಿಯೇ ಹುಟ್ಟಿತು. ಉದ್ಯೋಗಸ್ಥರು, ಗೃಹಿಣಿಯರು, ವಿದೇಶದಲ್ಲಿದ್ದ ಕನ್ನಡಿಗರು ತಮ್ಮದೇ ಬ್ಲಾಗುಗಳನ್ನು ತೆರೆದು ಊರು, ಅಡುಗೆ, ಓದು, ಪ್ರವಾಸಗಳ ಬಗೆಗೆ ಸಾವಧಾನವಾಗಿ ಬರೆದರು. ಮುಂದೆ ಸಾಮಾಜಿಕ ಜಾಲತಾಣಗಳ ಸುಲಭ ಓದುಗವೃಂದ ಅವರನ್ನು ಸೆಳೆಯಿತು. ಅನೇಕ ಬ್ಲಾಗುಗಳು ಮೌನವಾದವು.

ಆದರೆ ಪರರ ಅಂಗಳ ಪರರದೇ. 2014ರ ಸೆಪ್ಟೆಂಬರ್ 30ರಂದು ಆರ್ಕುಟ್ ಮುಚ್ಚಿತು. 2019ರ ಏಪ್ರಿಲ್ 2ರಂದು ಗೂಗಲ್ ಪ್ಲಸ್ ಬಾಗಿಲು ಹಾಕಿತು. ಅಂಗಳ ತೆರೆದಿದ್ದಾಗಲೂ ಯಾರ ಬರಹ ಯಾರ ಕಣ್ಣಿಗೆ ಬೀಳಬೇಕೆಂಬುದನ್ನು ನಿರ್ಧರಿಸುವುದು ಬರೆದವರಲ್ಲ, ಆ ಸಂಸ್ಥೆಯ ಲೆಕ್ಕಾಚಾರ. ಇದನ್ನರಿತ ಕೆಲವರು ಇಂದು ಮತ್ತೆ ಬ್ಲಾಗಿನತ್ತ ಮುಖ ಮಾಡುತ್ತಿದ್ದಾರೆ.

‘ಬ್ಲಾಗ್ ಕೂಡ ಯಾವುದೋ ಸಂಸ್ಥೆಯ ಜಾಗದಲ್ಲಿಯೇ ಇರುವುದಲ್ಲವೇ?’ ಎಂದು ಕೇಳಬಹುದು. ಪ್ರಶ್ನೆ ಯೋಗ್ಯವಾದುದೇ. ಆದ್ದರಿಂದ ವರ್ಷಕ್ಕಿಷ್ಟೆಂದು ಹಣ ತೆತ್ತು ಸ್ವಂತ ವಿಳಾಸವೊಂದನ್ನು ಪಡೆಯುವುದು ಲೇಸು. ಜಾಗ ಬದಲಾದರೂ ವಿಳಾಸ ಉಳಿಯುತ್ತದೆ. ಬ್ಲಾಗರ್, ವರ್ಡ್‌ಪ್ರೆಸ್‌ಗಳಲ್ಲಿ ಎಲ್ಲ ಬರಹಗಳ ಪ್ರತಿಯನ್ನು ಒಟ್ಟಿಗೆ ಇಳಿಸಿಕೊಳ್ಳುವ ಸೌಕರ್ಯವಿದೆ. ವರ್ಷಕ್ಕೆರಡು ಬಾರಿಯಾದರೂ ಹಾಗೆ ಮಾಡಬೇಕು; ಮುಖ್ಯವಾದವುಗಳನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಮನೆಯಲ್ಲಿಡಬೇಕು.

ನಮ್ಮ ಭಾಗಕ್ಕೆ ಈ ವಿವೇಕ ಹೊಸದಲ್ಲ. ಫ.ಗು. ಹಳಕಟ್ಟಿಯವರು ಮನೆಮನೆಗಳ ತಾಡವೋಲೆಗಳಲ್ಲಿ ಚದುರಿಹೋಗಿದ್ದ ವಚನಗಳನ್ನು ಕೂಡಿಸಿದರು. ಅಷ್ಟಕ್ಕೇ ತೃಪ್ತರಾಗದೆ ವಿಜಯಪುರದಲ್ಲಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಹೊರಡಿಸಿದರು. ಬರಹ ಉಳಿಯಬೇಕಾದರೆ ಅದಕ್ಕೆ ಸ್ವಂತ ನೆಲೆ ಬೇಕೆಂಬುದನ್ನು ಅವರು ಮಾಡಿ ತೋರಿಸಿದರು.

ಬ್ಯಾರೇಜು ಹೊಳೆಯನ್ನು ಕೊಲ್ಲಲಿಲ್ಲ. ಮಹಾಪೂರದ ನೀರು ಇಂದಿಗೂ ಮುಂದೆ ಹರಿಯುತ್ತದೆ, ಬೇಸಿಗೆಗೆ ಬೇಕಾದಷ್ಟು ಮಾತ್ರ ನಿಲ್ಲುತ್ತದೆ. ಅಂತೆಯೇ ಜಾಲತಾಣಗಳನ್ನು ತೊರೆಯಬೇಕಾಗಿಲ್ಲ. ಬರಹ ಬ್ಲಾಗಿನಲ್ಲಿರಲಿ, ಅದರ ಕೊಂಡಿ ಗುಂಪುಗಳಲ್ಲಿ ಹರಿದಾಡಲಿ.

1989ರಲ್ಲಿ ಇಪ್ಪತ್ತೈದರ ಹರೆಯದಲ್ಲಿ ಆ ಒಡ್ಡಿಗೆ ಕಲ್ಲು ಹೊತ್ತವರು ಈಗ ಅರವತ್ತನ್ನು ದಾಟಿದ್ದಾರೆ. ಅವರಿಗೆ ಮುಂದಾಳಾಗಿದ್ದ ನ್ಯಾಮಗೌಡರು 2018ರಲ್ಲಿಯೇ ಅಗಲಿದರು. ಯಾರು ಎಷ್ಟು ಕೊಟ್ಟರು, ಬುತ್ತಿ ಯಾರ ಮನೆಯಿಂದ ಬಂದಿತು, ಮೊದಲು ನೀರು ನಿಂತ ದಿನ ಅವ್ವಂದಿರು ಏನೆಂದರು ಎಂಬುದೆಲ್ಲ ಆ ಹಿರಿಯರ ನೆನಪಿನಲ್ಲಿದೆ. ಓದುಗ ಬಂಧುಗಳೇ, ಈ ವಾರವೇ ನಿಮ್ಮ ಮನೆಯ ಹಿರಿಯರೆದುರು ಕುಳಿತುಕೊಳ್ಳಿರಿ. ಅವರು ಹೇಳಲಿ, ಮಕ್ಕಳು ಬರೆದುಕೊಳ್ಳಲಿ. ನೀರಿಗೆ ಒಡ್ಡು ಕಟ್ಟಿದವರ ಮಾತು ಒಡ್ಡಿಲ್ಲದೆ ಹರಿದುಹೋಗದಿರಲಿ.