ಕಾಪುವಿನ ಬಂಡೆಗಳಲ್ಲಿ, ಇಳಿತದ ಹೊತ್ತು

1901ರಲ್ಲಿ ಕಟ್ಟಿದ ದೀಪಸ್ತಂಭವನ್ನು ಹೊತ್ತು ನಿಂತ ಕಾಪುವಿನ ಹೆಬ್ಬಂಡೆಯ ಆಸುಪಾಸಿನಲ್ಲಿ, ಇಳಿತದ ವೇಳೆಗೆ ಹಿಂದೆ ಸರಿಯುವ ಸಮುದ್ರವು ಕಲ್ಲಿನ ಕುಳಿಗಳಲ್ಲಿ ತನ್ನ ಉಪ್ಪುನೀರನ್ನು ಒಂದೆಡೆ ಬೊಗಸೆಯಷ್ಟು, ಇನ್ನೊಂದೆಡೆ ಕೊಪ್ಪರಿಗೆಯಷ್ಟು ಉಳಿಸಿಹೋಗುತ್ತದೆ; ಮಕ್ಕಳ ಕೈ ಹಿಡಿದು ನಾವು ನೋಡಬೇಕಾದುದು ಆ ಪುಟ್ಟ ಜಲಾಶಯಗಳನ್ನೇ.

ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ನಿಮ್ಮ ನೆರಳು ನೀರಿನ ಮೇಲೆ ಬೀಳದಂತೆ ಕ್ಷಣಕಾಲ ನಿಶ್ಚಲರಾಗಿರಿ. ಬರಿಯ ಕಲ್ಲೆಂದು ತೋರಿದುದು ಮೆಲ್ಲನೆ ಸಜೀವವಾಗುವುದು. ಶಂಖವೊಂದು ತಾನಾಗಿ ನಡೆಯತೊಡಗಿದರೆ, ತನ್ನ ಮೃದುವಾದ ಹಿಂಭಾಗವನ್ನು ಪರರ ಚಿಪ್ಪಿನಲ್ಲಿ ಅಡಗಿಸಿಕೊಂಡು, ದೇಹ ಬೆಳೆದಂತೆಲ್ಲ ಇನ್ನೂ ದೊಡ್ಡದನ್ನು ಅರಸಿ ಮನೆ ಬದಲಿಸುವ ಸನ್ಯಾಸಿ ಏಡಿಯ ಕಥೆಯನ್ನು ಮಗುವಿಗೆ ಹೇಳಿರಿ. ಆದುದರಿಂದಲೇ ಖಾಲಿ ಶಂಖವನ್ನು ಕೂಡ ಜೇಬಿಗಿಳಿಸದೆ ಅಲ್ಲಿಯೇ ಬಿಡಬೇಕು; ಕಾರಣ ತಿಳಿದ ಮಗು ಈ ನಿಯಮವನ್ನು ಹಿರಿಯರಿಗಿಂತ ನಿಷ್ಠೆಯಿಂದ ಪಾಲಿಸುವುದೆಂದು ನನ್ನ ದೃಢವಾದ ನಂಬಿಕೆ. ಎಸಳು ಬಿಚ್ಚಿ ನಿಂತ ಕಡಲಹೂ ಹೂವಲ್ಲ, ಕುಟುಕಿ ಬೇಟೆಯಾಡುವ ಪ್ರಾಣಿ. ಅದನ್ನು ಮುಟ್ಟದೆ, ನೋಡಿಯೇ ತಣಿಯಬೇಕು.

ಪಾಚಿಗಟ್ಟಿದ ಬಂಡೆ ಜಾರುವುದರಿಂದ ಪಾದರಕ್ಷೆ ಇರಲಿ. ಮಳೆಗಾಲದ ಉಗ್ರ ಕಡಲಿನ ಬಳಿಗೆ ಹೋಗಲೇಬೇಡಿ. ಇಳಿತವು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದು. ವೇಳೆಯನ್ನು ಅಲ್ಲಿಯ ಮೀನುಗಾರರಲ್ಲಿ ಕೇಳಿ ಹೊರಡುವುದು ಲೇಸು. ಅಮಾವಾಸ್ಯೆ, ಹುಣ್ಣಿಮೆಗಳ ಸಮೀಪದಲ್ಲಿ ನೀರು ಹೆಚ್ಚು ದೂರ ಸರಿದು, ಎಂದಿಗೂ ಕಾಣದ ಕುಳಿಗಳನ್ನೂ ತೆರೆದು ತೋರಿಸುವುದುಂಟು. ಆದರೆ ಆ ನೀರೇ ಸುಮಾರು 6 ಗಂಟೆಗಳಲ್ಲಿ ಅಷ್ಟೇ ಎತ್ತರಕ್ಕೆ ಏರಿಬರುವುದು. ಅಲೆಗೆ ಬೆನ್ನು ಕೊಡದಿರಿ. ನೀರು ತಿರುಗಿತೆಂದು ತೋರಿದೊಡನೆ, ಮಗು ಎಷ್ಟೇ ಬೇಡಿದರೂ, ಅದರ ಕೈ ಹಿಡಿದು ದಡದತ್ತ ನಡೆಯಿರಿ.