ಸಾಂಕ್ರಾಮಿಕದ ಕಾಲದಲ್ಲಿ ಹಲ್ಲಿನ ವೈದ್ಯರ ಮನಸ್ಸು

ಕೆಮ್ಮು, ಜ್ವರ ಎಂದು ನಮ್ಮಲ್ಲಿಗೆ ಬರುವ ರೋಗಿಯನ್ನು ಮಾಸ್ಕ್ ತೆಗೆಸದೆಯೇ ಬಹುಮಟ್ಟಿಗೆ ಪರೀಕ್ಷಿಸಬಹುದು. ದಂತವೈದ್ಯರಿಗೆ ಆ ಅನುಕೂಲವಿಲ್ಲ. ಹಲ್ಲು ಕೊರೆಯುವ ಯಂತ್ರ ನಿಮಿಷಕ್ಕೆ ಲಕ್ಷಗಟ್ಟಲೆ ಸುತ್ತು ತಿರುಗುತ್ತದೆ. ಹಲ್ಲು ಕಾಯದಿರಲೆಂದು ಅದರ ತುದಿಯಿಂದ ನೀರು ಚಿಮ್ಮುತ್ತದೆ. ಆ ನೀರಿಗೆ ರೋಗಿಯ ಉಗುಳು ಬೆರೆತು ಸಣ್ಣ ತುಂತುರಾಗಿ ಗಾಳಿಯಲ್ಲಿ ತೇಲುತ್ತದೆ. ವೈದ್ಯರ ಮುಖ ಅಲ್ಲಿಂದ ಒಂದು ಮೊಳ ದೂರವೂ ಇರುವುದಿಲ್ಲ. ಪಕ್ಕದಲ್ಲಿ ಉಗುಳು ಹೀರುವ ಕೊಳವೆ ಹಿಡಿದು ನಿಂತ ಸಹಾಯಕಿಯೂ ಅಷ್ಟೇ ಹತ್ತಿರ.

2020ರಲ್ಲಿ ಕೋವಿಡ್ ಬಂದಾಗ ಇವರನ್ನು ಕಾಡಿದ ಭಯಕ್ಕೆ ಹೀಗೆ ಕಾರಣವಿತ್ತು. ತಮಗೆ ಸೋಂಕು ತಗಲುವುದಕ್ಕಿಂತ ಮನೆಯ ಮುದುಕರಿಗೆ, ಮಕ್ಕಳಿಗೆ ಅದನ್ನು ಒಯ್ದೇವೆಂಬ ಅಳುಕೇ ಹಲವರಿಗೆ ದೊಡ್ಡದಾಗಿತ್ತು. ಲಾಕ್‌ಡೌನ್‌ನಲ್ಲಿ ಕ್ಲಿನಿಕ್ ಮುಚ್ಚಿದರೂ ಬಾಡಿಗೆ ಮತ್ತು ಬ್ಯಾಂಕಿನ ಕಂತು ನಿಲ್ಲಲಿಲ್ಲ. ಸಹಾಯಕಿಯರ ಪಾಡು ಇನ್ನೂ ಕಷ್ಟ. ರಕ್ತ, ಉಗುಳು ತಗುಲಿದ ಉಪಕರಣ ತೊಳೆಯುವವರು ಅವರು. ಸಂಬಳ ಕಡಿಮೆ, ಕೆಲಸ ಉಳಿಯುವ ಭರವಸೆ ಅದಕ್ಕಿಂತ ಕಡಿಮೆ. 'ನನಗೆ ಹೆದರಿಕೆಯಾಗುತ್ತಿದೆ' ಎಂದು ಯಜಮಾನರ ಮುಂದೆ ಹೇಳುವುದೆಂತು?

ಆತಂಕ ಹೆಚ್ಚಿದಾಗ ಎದೆ ಬಿಗಿಯುತ್ತದೆ, ಉಸಿರು ಸಾಲದಂತಾಗುತ್ತದೆ, ಗಂಟಲು ಒಣಗುತ್ತದೆ. ಕೋವಿಡ್‌ನಲ್ಲಿ ಜನ ಹೆದರಿ ಕಾಯುತ್ತಿದ್ದ ಲಕ್ಷಣಗಳೂ ಇಂಥವೇ. ಜೊತೆಗೆ ಗಂಟೆಗಟ್ಟಲೆ ಬಿಗಿಯಾದ ಮಾಸ್ಕ್, ಬೆವರಿಳಿಸುವ ಪಿಪಿಇ ಕಿಟ್. ನೀರು ಕುಡಿಯಲೂ ಬಿಡುವಿಲ್ಲದೆ ತಲೆನೋವು, ಸುಸ್ತು. 'ಸೋಂಕು ತಗಲಿಯೇಬಿಟ್ಟಿತು' ಎಂಬ ಅನುಮಾನ ಹುಟ್ಟುತ್ತದೆ, ಅನುಮಾನದಿಂದ ಎದೆ ಇನ್ನಷ್ಟು ಬಿಗಿಯುತ್ತದೆ. ಗಳಿಗೆಗೊಮ್ಮೆ ಆಕ್ಸಿಮೀಟರಿಗೆ ಬೆರಳು ಸಿಕ್ಕಿಸುವುದು, ಚರ್ಮ ಬಿರಿಯುವಷ್ಟು ಕೈ ತೊಳೆಯುವುದು ಈ ಸುಳಿಯ ಗುರುತುಗಳು.

ಮುನ್ನೆಚ್ಚರಿಕೆ ವ್ಯರ್ಥವಾಗಲಿಲ್ಲ ಎಂಬುದನ್ನೂ ಹೇಳಬೇಕು. 2020ರ ಜೂನ್‌ನಲ್ಲಿ ಅಮೆರಿಕದ ಎರಡು ಸಾವಿರಕ್ಕೂ ಹೆಚ್ಚು ದಂತವೈದ್ಯರನ್ನು ವಿಚಾರಿಸಿದಾಗ, ಅಲ್ಲಿಯವರೆಗೆ ಸೋಂಕು ತಗಲಿದ್ದವರು ನೂರಕ್ಕೆ ಒಬ್ಬರಿಗಿಂತ ಕಡಿಮೆ ಇದ್ದರು. ಆದರೆ ಅಂಕಿಅಂಶ ಕೇಳಿದೊಡನೆ ಹೆದರಿದ ಮನಸ್ಸಿಗೆ ನಿದ್ದೆ ಬಂದುಬಿಡುವುದಿಲ್ಲ.

ಒಂದೆರಡು ದಿನ ನಿದ್ದೆಗೆಡುವುದು ಕಾಯಿಲೆಯಲ್ಲ. ಎರಡು ವಾರ ಕಳೆದರೂ ನಿದ್ದೆ ಸರಿಹೋಗದಿದ್ದರೆ, ಊಟ ಸೇರದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದೆ ಸಣ್ಣ ಮಾತಿಗೂ ಸಿಡುಕುತ್ತಿದ್ದರೆ ಚಿಕಿತ್ಸೆ ಬೇಕು. ಸಾಯುವ ಮಾತು ಬಂದರೆ ಎರಡು ವಾರ ಕಾಯಬೇಡಿ, ಅಂದೇ ಕರೆದೊಯ್ಯಿರಿ. ಇದನ್ನು ಮೊದಲು ಗಮನಿಸುವವರು ಮನೆಯವರೇ. 'ಡಾಕ್ಟರಾಗಿ ನೀವೇ ಹೀಗೆ ಹೆದರಿದರೆ?' ಎಂದು ಕೇಳಿದರೆ ಅವರು ಮರುದಿನದಿಂದ ಬಾಯಿಯನ್ನೇ ಬಿಡುವುದಿಲ್ಲ. ನಿದ್ದೆ ಮಾತ್ರೆಯನ್ನು ತಾವೇ ಬರೆದುಕೊಳ್ಳುವುದು ನಮ್ಮ ವೃತ್ತಿಯವರ ಹಳೆಯ ಚಾಳಿ. ಅದಕ್ಕೂ ಮನೆಯವರು ಅಡ್ಡ ಬರಬೇಕು.

ಕ್ಲಿನಿಕ್ ನಡೆಸುವವರಿಗೂ ಒಂದು ಮಾತು. ಜ್ವರ ಬಂದರೆ ಸಂಬಳ ಕಡಿಯದೆ ರಜೆ ಕೊಡುತ್ತೇವೆಂದು ಸಹಾಯಕಿಗೆ ಈಗಲೇ ಹೇಳಿಡಿ. ಹಾಗೆ ಹೇಳಿದ್ದರೆ ಮುಂದಿನ ಸಾಂಕ್ರಾಮಿಕದಲ್ಲಿ ಆಕೆ ಜ್ವರವನ್ನು ಮುಚ್ಚಿಟ್ಟುಕೊಂಡು ಕೆಲಸಕ್ಕೆ ಬರಬೇಕಾಗುವುದಿಲ್ಲ.

ಮನೋವೈದ್ಯರ ಬಳಿ ಹೋಗಲು ಸಂಕೋಚವಿದ್ದರೆ 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.